ಅತ್ತೆಯ ತವರಿನ ಕೋಳಿ, ಮಾವನ ಬೇವಿನೆಣ್ಣೆ

ಮದುವೆಯಾಗಿ ಹೆಬ್ಬಾಳದ ಕೆರೆಯ ಆಚೆಯ ಹಳ್ಳಿಗೆ ಬಂದಾಗ ಕೋಳಿಯ ಜೊತೆ ನನಗಿದ್ದ ಪರಿಚಯ ಸಾರಿನ ಮಟ್ಟದ್ದು. ನಾನು ಪೇಟೆಯಲ್ಲಿ ಹುಟ್ಟಿ ಬೆಳೆದವಳು. ನಮ್ಮ ಮನೆಗೆ ಕೋಳಿ ಬರುತ್ತಿದ್ದುದು ಹಬ್ಬದ ಮಾರನೆಯ ದಿನ, ಎಲೆಯಲ್ಲಿ ಸುತ್ತಿಕೊಂಡು, ಪುಕ್ಕವಿಲ್ಲದೆ, ಯಾವ ಅಭಿಪ್ರಾಯವೂ ಇಲ್ಲದೆ. ಜೀವಂತ ಕೋಳಿಗೆ ಎಷ್ಟು ಅಭಿಪ್ರಾಯಗಳಿರುತ್ತವೆ, ಅವನ್ನು ಎಷ್ಟು ಗಟ್ಟಿಯಾಗಿ ಹೇಳುತ್ತದೆ ಎಂಬುದು ಗೊತ್ತಾದದ್ದು ಅತ್ತೆಯ ಮನೆಯ ಹಿತ್ತಿಲಲ್ಲಿ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಯಜಮಾನರು ಜಾಲಹಳ್ಳಿಯ ಕಡೆ ಒಂದು ಕಾರ್ಖಾನೆಗೆ ಸೈಕಲ್ಲು ತುಳಿದುಕೊಂಡು ಹೋಗಿಬರುತ್ತಿದ್ದರು. ಮಾವ ಹೊಲ ನೋಡಿಕೊಳ್ಳುತ್ತಿದ್ದರು. ಹಿತ್ತಿಲು ಅತ್ತೆಯ ಆಡಳಿತಕ್ಕೆ ಸೇರಿದ್ದು. ಆ ಸಂಸ್ಥಾನದಲ್ಲಿ ಮೊದಲ ಸ್ಥಾನ ಕೋಳಿಗಳದು, ಎರಡನೆಯದು ಎಮ್ಮೆಯದು. ಮೂರನೆಯದಕ್ಕೆ ನನ್ನ ಹೆಸರು ಪರಿಶೀಲನೆಯಲ್ಲಿತ್ತು.

ಕೋಳಿಗಳು ಹದಿನಾರಿದ್ದವು. ಎಲ್ಲವಕ್ಕೂ ಕಾಲಿನ ಮೇಲೆ ಗೆಜ್ಜೆ ಕಟ್ಟಿದ ಹಾಗೆ ಪುಕ್ಕ. ಊರಿನ ಬೇರೆ ಯಾರ ಕೋಳಿಗೂ ಹಾಗಿರಲಿಲ್ಲ. ಅತ್ತೆ ಮದುವೆಯಾಗಿ ಯಲಹಂಕದ ಆಚೆಯಿಂದ ಎತ್ತಿನ ಗಾಡಿಯಲ್ಲಿ ಬಂದಾಗ ಮಡಿಲಲ್ಲಿ ಅಕ್ಕಿ ಬೆಲ್ಲ, ಕಂಕುಳಲ್ಲಿ ಒಂದು ಗೆಜ್ಜೆಗಾಲಿನ ಕೋಳಿ ಇತ್ತಂತೆ. ಅವರ ತಾಯಿ ಕೊಟ್ಟದ್ದು. ಈಗ ಆ ತಾಯಿ ಇರಲಿಲ್ಲ, ಅಣ್ಣತಮ್ಮಂದಿರೂ ಇರಲಿಲ್ಲ, ಮನೆಯ ಗೋಡೆ ಬಿದ್ದು ಅಲ್ಲಿ ಯಾರೋ ಹುರುಳಿ ಬಿತ್ತಿದ್ದರು. ತವರೆಂದು ಅತ್ತೆಗೆ ಉಳಿದಿದ್ದುದು ಹಿತ್ತಿಲಲ್ಲಿ ತಿಪ್ಪೆ ಕೆದಕುತ್ತಿದ್ದ ಈ ಸಂತತಿ ಮಾತ್ರ. ಇದನ್ನು ಅವರು ಒಂದೇ ಸಲ, ರಾಗಿ ಕೇರುತ್ತಾ, ಬೇರೆ ಯಾರದೋ ವಿಷಯದಂತೆ ಹೇಳಿ ಮುಗಿಸಿದ್ದರು.

ನನ್ನ ಶಿಕ್ಷಣ ತಕ್ಷಣ ಶುರುವಾಯಿತು. ಬೆಳಿಗ್ಗೆ ಮಂಕರಿ ಎತ್ತಿ ಕೋಳಿಗಳನ್ನು ಬಿಡುವ ಮುನ್ನ ಹಿಕ್ಕೆ ನೋಡಬೇಕು. ಗಟ್ಟಿಯಾಗಿ ಮೇಲೆ ಬಿಳುಪು ಇದ್ದರೆ ಸರಿ, ನೀರಾಗಿ ಹಸಿರಿದ್ದರೆ ಆ ಕೋಳಿಯನ್ನು ಬೇರೆ ಕಟ್ಟಬೇಕು. ಜುಟ್ಟಿನ ಬಣ್ಣ ನೋಡಬೇಕು. ರೆಕ್ಕೆ ಎತ್ತಿ ಹೇನು ನೋಡಬೇಕು. ಮೊಟ್ಟೆ ಎತ್ತುವಾಗ ಗೂಡಿನಲ್ಲಿ ಒಂದನ್ನು ಬಿಟ್ಟು ಎತ್ತಬೇಕು, ಇಲ್ಲದಿದ್ದರೆ ಕೋಳಿ ಮುನಿಸಿಕೊಂಡು ಬೇರೆ ಜಾಗ ಹುಡುಕುತ್ತದೆ. ಕಾಲೇಜು ಮೆಟ್ಟಿಲು ಹತ್ತಿದ್ದ ನಾನು ಬೆಳ್ಳಂಬೆಳಿಗ್ಗೆ ಕೋಳಿಯ ಹಿಕ್ಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಭವಿಷ್ಯ ಓದುವುದನ್ನು ನೋಡಿ ನಮ್ಮ ಯಜಮಾನರು ಸೈಕಲ್ಲಿನ ಗಂಟೆಯನ್ನು ಅನಗತ್ಯವಾಗಿ ಎರಡು ಸಲ ಹೊಡೆದು ಹೋಗುತ್ತಿದ್ದರು.

ಅನಾಹುತ ಬಂದದ್ದು ಮಾವನ ಕಡೆಯಿಂದ. ನೆಂಟರು ಬರುತ್ತಾರೆಂದು ಸಂತೆಯಿಂದ ಒಂದು ಕೋಳಿ ಹಿಡಿದು ತಂದರು. ಮನೆಯ ಕೋಳಿ ಕೊಯ್ಯಲು ಅತ್ತೆ ಒಪ್ಪುತ್ತಿರಲಿಲ್ಲವಾದ್ದರಿಂದ ಅವರ ಲೆಕ್ಕಾಚಾರ ವಿವೇಕದ್ದೇ. ಆದರೆ ನೆಂಟರು ಬರಲಿಲ್ಲ. ಸಂತೆ ಕೋಳಿ ಮೂರು ದಿನ ಉಳಿದವುಗಳ ಜೊತೆ ನುಚ್ಚು ತಿಂದಿತು, ನಾಲ್ಕನೆಯ ದಿನ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಂತಿತು, ಐದನೆಯ ದಿನ ಸತ್ತಿತು. ಅಲ್ಲಿಂದ ಹತ್ತು ದಿನ ನಮ್ಮ ಹಿತ್ತಿಲು ನೋಡುವಂತಿರಲಿಲ್ಲ. ಕೋಳಿಗಳು ಬಾಯಿ ತೆರೆದು ಗೊರಗೊರ ಉಸಿರೆಳೆದವು, ಕತ್ತು ತಿರುಚಿಕೊಂಡು ಬಿದ್ದವು. ಊರಿನವರು ಕೊಕ್ಕರೆ ರೋಗ ಎಂದರು. ಬೆಳ್ಳುಳ್ಳಿ, ಮೆಣಸು, ಅರಿಶಿನ ಅರೆದು ಗುಳಿಗೆ ಮಾಡಿ ನುಂಗಿಸಿದೆವು. ಅದರಿಂದ ಉಪಯೋಗವಾದದ್ದು ನನಗೆ, ಗುಳಿಗೆ ಕಟ್ಟುವುದು ಕಲಿತೆ. ದಿನಕ್ಕೆ ಒಂದು ಎರಡರಂತೆ ಹದಿನಾಲ್ಕು ಹೋದವು. ಉಳಿದವು ಎರಡು: ಕೆಂಪು ಹುಂಜ ಮತ್ತು ಅದರ ಪಕ್ಕ ತೂಕಡಿಸುತ್ತಿದ್ದ ಚುಕ್ಕೆಕೋಳಿ. ಹುಂಜವೂ ಒಂದು ಮಧ್ಯಾಹ್ನ ಬಿತ್ತು.

ಅತ್ತೆ ಅಳಲಿಲ್ಲ. ಹಿತ್ತಿಲ ಬೇಲಿಯ ಹತ್ತಿರ ಹೋಗಿ, ಮಾರಮ್ಮನ ಗುಡಿ ಇದ್ದ ದಿಕ್ಕಿಗೆ ತಿರುಗಿ, ಸೆರಗೊಡ್ಡಿ ನಿಂತರು. ಮಾವ, ನಾನು ಇಬ್ಬರೂ ಅಲ್ಲೇ ಇದ್ದೆವು.

"ಅಮ್ಮಾ, ಇದೊಂದ್ನ ನಂಗೆ ಬಿಡು ತಾಯಿ. ಇದ್ರ ಒಟ್ಟೇಲಿ ಉಟ್ಟೋ ಮೊದಲ್ನೇ ಉಂಜ ನಿಂದು."

ಚುಕ್ಕೆಕೋಳಿ ಉಳಿಯಿತು. ನಾಲ್ಕು ದಿನಕ್ಕೆ ನೀರು ಕುಡಿಯಿತು, ವಾರಕ್ಕೆ ಕಾಳು ಕುಕ್ಕಿತು. ಅತ್ತೆ ಅಂದಿನಿಂದ ಎರಡು ಶಾಸನ ಹೊರಡಿಸಿದರು. ಒಂದು, ಹೊರಗಿನ ಕೋಳಿ ಯಾವುದೂ ನಮ್ಮ ಹೊಸಿಲು ದಾಟಕೂಡದು, ನಮ್ಮದೂ ಬೇಲಿಯಾಚೆ ಹೋಗಕೂಡದು. ಎರಡನೆಯದನ್ನು ಬಾಯಿಬಿಟ್ಟು ಹೇಳಲಿಲ್ಲ, ಜಾರಿಗೆ ತಂದರು. ದಿನಾ ಊಟದ ಹೊತ್ತಿಗೆ ಅಡುಗೆಮನೆಯಿಂದ ಕೂಗುತ್ತಿದ್ದರು:

"ಸಂತೆ ಕೋಳಿ ತಂದೋರ್ಗೆ ಮುದ್ದೆ ಇಕ್ಕಮ್ಮಿ."

ಮಾವ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ಇದು ಒಂದು ದಿನವೂ ತಪ್ಪಲಿಲ್ಲ. ನೆಂಟರು ಬಂದ ದಿನವೂ.

ಕೋಳಿ ಚೇತರಿಸಿಕೊಂಡು ಮೊಟ್ಟೆ ಇಡತೊಡಗಿತು. ಮನೆಗೆ ಹಬ್ಬದ ಕಳೆ ಬಂತು. ಮೊದಲನೆಯ ಮೊಟ್ಟೆಯನ್ನು ಪದ್ಧತಿಯಂತೆ ಗೂಡಿನಲ್ಲೇ ಬಿಟ್ಟು, ಆಮೇಲಿನವನ್ನು ಒಂದೊಂದಾಗಿ ಎತ್ತಿ ರಾಗಿ ತುಂಬಿದ ಮಡಕೆಯಲ್ಲಿ ಹೂತಿಟ್ಟೆವು. ಕಾವಿಗೆ ಹಾಕಲು ಹೊಸ ಮೊಟ್ಟೆಯೇ ಆಗಬೇಕು, ಹಳೆಯದು ಅಡುಗೆಗೆ ಎಂಬುದು ಅತ್ತೆಯ ಕಟ್ಟುನಿಟ್ಟು. ಆದ್ದರಿಂದ ಮೊದಲ ಎರಡು ವಾರದ ಆರು ಮೊಟ್ಟೆಗಳನ್ನು ಜ್ವರದಿಂದ ಎದ್ದಿದ್ದ ಮಾವನಿಗೆ ಮೆಣಸು ಹಾಕಿ ಬೇಯಿಸಿ ಕೊಟ್ಟೆವು. ಅವರು ಅಪರಾಧಿಗೆ ಸಿಕ್ಕ ಪಥ್ಯ ಎಂಬಂತೆ ತಿಂದರು. ಕೊನೆಗೆ ಕೋಳಿ ಗೂಡು ಬಿಟ್ಟೇಳದೆ, ಹತ್ತಿರ ಹೋದರೆ ಗರಿ ಕೆದರಿ ಗುರ್ ಎನ್ನತೊಡಗಿದಾಗ ಅತ್ತೆ ಕಾವಿಗೆ ಹಾಕುವ ದಿನ ಗೊತ್ತು ಮಾಡಿದರು.

ಬುಟ್ಟಿಗೆ ಬೂದಿ, ಬೂದಿಯ ಮೇಲೆ ರಾಗಿ ಹುಲ್ಲು, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಮೂಲೆಯಲ್ಲಿ ಒಂದು ಕಬ್ಬಿಣದ ಮೊಳೆ. ಮಡಕೆಯಲ್ಲಿ ಹೊಸ ಮೊಟ್ಟೆ ಎಂಟಿದ್ದವು. ಆದರೆ ಕಾವಿಗೆ ಬೆಸಸಂಖ್ಯೆಯೇ ಇಡಬೇಕು. ಏಳು ಇಡೋಣವೆಂದರೆ ಒಂದು ದಂಡ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, ಗೂಡಿನಲ್ಲಿ ಮೊದಲ ದಿನದಿಂದ ಬಿದ್ದಿದ್ದ ಆ ಹಳೆಯ ಮೊಟ್ಟೆಯನ್ನು ಸೆರಗಿನಿಂದ ಒರೆಸಿ ಸೇರಿಸಿದರು.

"ಇದು ಮರಿ ಆಗಕ್ಕಲ್ಲ, ಲೆಕ್ಕಕ್ಕೆ ಇರ್ಲಿ," ಎಂದರು.

ನಾನು ಒಂಬತ್ತಕ್ಕೂ ಇದ್ದಿಲಿನಲ್ಲಿ ಗುರುತು ಹಾಕಿದೆ. ಹಳೆಯದಕ್ಕೆ ಒಂದು ಅಡ್ಡಗೆರೆ.

ಹತ್ತನೆಯ ದಿನ ದನದ ಆಸ್ಪತ್ರೆಯ ಕಾಂಪೌಂಡರ್ ಎಮ್ಮೆ ನೋಡಲು ಬಂದರು. ಖಾಕಿ ಚಡ್ಡಿ, ತಲೆಗೆ ಟೋಪಿ, ಮಾತಿನಲ್ಲಿ ವೈದ್ಯರಿಗಿಂತ ಒಂದು ಕೈ ಮೇಲು. ಎಮ್ಮೆಯ ಕೆಲಸ ಮುಗಿಸಿ ಕಾಫಿ ಕುಡಿಯುತ್ತಾ ಬುಟ್ಟಿಯ ಕಡೆ ಕಣ್ಣು ಹಾಯಿಸಿದರು.

"ಹುಂಜ ಎಲ್ಲಮ್ಮಾ ಕಾಣಲ್ಲ?"

"ಓಯ್ತಪ್ಪ, ರೋಗ್ದಲ್ಲಿ. ತಿಂಗಳ ಮ್ಯಾಲಾಯ್ತು."

ಕಾಂಪೌಂಡರ್ ಲೋಟ ಕೆಳಗಿಟ್ಟರು. "ಮತ್ತೆ ಇದನ್ನ ಯಾಕೆ ಕೂರಿಸಿದ್ದೀರಿ?"

"ಇದೊಳ್ಳೆ ಚೆನ್ನಾಯ್ತಲ್ಲ. ಕಾವು ಕೂರೋದು ಯಾಟೆ ಅಲ್ವ, ಉಂಜ ಬಂದು ಕೂರ್ತದಾ?"

"ಅಲ್ಲಮ್ಮಾ, ಹುಂಜ ಜೊತೇಲಿ ಇಲ್ದೆ ಇಟ್ಟ ಮೊಟ್ಟೆ ಮರಿ ಆಗಲ್ಲ."

"ಉಂಜ ಬೇಕೇ ಬೇಕು ಅಂದ್ರೆ ಮೊಟ್ಟೆ ಎಂಗಿಡ್ತು? ನೋಡು, ಒಂಬತ್ತು ಐತೆ. ಸುಳ್ಳಾ?"

ನಗಬೇಡಿ. ಆ ಊರಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ, ಗೊತ್ತಾಗುವ ಸಂದರ್ಭವೂ ಬಂದಿರಲಿಲ್ಲ. ಬೇಲಿಗೊಂದು ಹುಂಜವಿದ್ದ ಊರು ಅದು. ಹುಂಜವಿಲ್ಲದ ಹಿತ್ತಿಲನ್ನು ಅತ್ತೆ ತಮ್ಮ ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದರು. ಮಳೆಯಿಲ್ಲದೆ ಬೆಳೆಯೇ ಇಲ್ಲ ಎನ್ನುವವರಿಗೆ, ಬೆಳೆ ಬರುತ್ತದೆ ಆದರೆ ಕಾಳು ಇರುವುದಿಲ್ಲ ಎಂದರೆ ಹೇಗೆ ನಂಬುತ್ತಾರೆ?

ಕಾಂಪೌಂಡರ್ ಪ್ರಮಾಣ ತೋರಿಸಲು ಎದ್ದರು. ಕೋಣೆಯ ಬಾಗಿಲು ಮುಚ್ಚಿಸಿ, ಹೆಂಚಿನ ಸಂದಿಯಿಂದ ಇಳಿದಿದ್ದ ಬಿಸಿಲಿನ ಕೋಲಿಗೆ ಒಂದೊಂದೇ ಮೊಟ್ಟೆ ಹಿಡಿದರು. ಒಳಗೆಲ್ಲ ತಿಳಿ ಬೆಳಕು, ಏನೂ ಇಲ್ಲ. ಎರಡನೆಯದೂ ಹಾಗೇ. ಎಂಟೂ ಹಾಗೇ. ನಾನು ಅತ್ತೆಯ ಮುಖ ನೋಡಲಿಲ್ಲ. ಒಂಬತ್ತನೆಯದನ್ನು, ಅಡ್ಡಗೆರೆಯದನ್ನು, ಅವರು ಹಿಡಿದು, ತಿರುಗಿಸಿ, ಇನ್ನೊಂದು ಸಲ ಹಿಡಿದರು.

"ಇದೇನಮ್ಮಾ ಇದು! ನರ ಕಾಣ್ತಿದೆ. ಇದರಲ್ಲಿ ಜೀವ ಇದೆ!"

ಹುಂಜ ಸತ್ತ ಮೇಲೂ ಕೋಳಿಯ ಹೊಟ್ಟೆಯಲ್ಲಿ ಅದರ ಅಂಶ ಎರಡು ಮೂರು ವಾರ ಉಳಿದಿರುತ್ತದಂತೆ. ಆಗ ಇಟ್ಟ ಮೊಟ್ಟೆಗಳೇ ಮರಿಯಾಗುವಂಥವು. ಅಂದರೆ ಕಾವಿಗೆ ಹಾಕಬೇಕಾದವನ್ನು ಮಾವನಿಗೆ ಮೆಣಸು ಹಾಕಿ ಕೊಟ್ಟಿದ್ದೆವು, ಮಾವನಿಗೆ ಕೊಡಬೇಕಾದವನ್ನು ಕಾವಿಗೆ ಹಾಕಿದ್ದೆವು. ಇಷ್ಟು ಹಳೆಯ ಮೊಟ್ಟೆಯಲ್ಲಿ ಜೀವ ಹಿಡಿದದ್ದೇ ಹೆಚ್ಚು, ಚಳಿಗಾಲವಾದ್ದರಿಂದ ಉಳಿದಿರಬೇಕು ಎಂದರು ಕಾಂಪೌಂಡರ್.

"ಆರೂ ನಾನೇ ತಿಂದ್ನಾ?" ಎಂದು ಬಾಗಿಲಲ್ಲಿ ನಿಂತಿದ್ದ ಮಾವ ಸಣ್ಣಗೆ ಕೇಳಿದರು.

"ಇನ್ಯಾರು ತಿಂದ್ರು? ತಂದೋರೂ ನೀವೇ, ತಿಂದೋರೂ ನೀವೇ," ಎಂದರು ಅತ್ತೆ.

ಬೇರೆ ಕಡೆಯಿಂದ ಒಂದು ಹುಂಜ ತನ್ನಿ, ಅಥವಾ ಸರ್ಕಾರದ ಫಾರಂನಿಂದ ಬಿಳಿ ಹುಂಜ ಕೊಡಿಸುತ್ತೇನೆ ಎಂದು ಕಾಂಪೌಂಡರ್ ಕೇಳಿಕೊಂಡರು. ಅತ್ತೆ ಶಾಸನ ತೋರಿಸಿದರು. ಹೊಸಿಲು ದಾಟಕೂಡದು. ಕಾಲಲ್ಲಿ ಗೆಜ್ಜೆ ಇಲ್ಲದ್ದಂತೂ ಕೂಡದೇ ಕೂಡದು.

ಬರಡು ಮೊಟ್ಟೆ ಎಂಟನ್ನೂ ಅತ್ತೆ ಬುಟ್ಟಿಯಿಂದ ತೆಗೆಯಲಿಲ್ಲ. ಒಂದೇ ಮೊಟ್ಟೆಗೆ ಬೇಜಾರಾಗುತ್ತದೆ, ಜೊತೆಗಿರಲಿ ಎಂದರು. ಆ ಒಂದು ಮೊಟ್ಟೆಗೆ ಇಡೀ ಮನೆ ಕಾವು ಕೂತಿತು. ನಾನು ದಿನಾ ಕೋಳಿಯನ್ನೆತ್ತಿ, ಕಾಳು ನೀರು ಕೊಟ್ಟು, ಕಾಲು ಗಂಟೆಯೊಳಗೆ ವಾಪಸು ಕೂರಿಸುತ್ತಿದ್ದೆ. ನಮ್ಮ ಯಜಮಾನರು ಸೈಕಲ್ಲಿನ ಗಂಟೆಗೆ ಬಟ್ಟೆ ಸುತ್ತಿದರು. ಇಪ್ಪತ್ತೊಂದನೆಯ ದಿನ ಏನೂ ಆಗಲಿಲ್ಲ. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಅಡ್ಡಗೆರೆಯ ಪಕ್ಕದಲ್ಲೇ ಒಂದು ಸೀಳು ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ಒದ್ದೆ ಹತ್ತಿಯ ಉಂಡೆಯಂಥದೊಂದು ಹೊರಬಂತು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಮೊದಲು ಕಾಲು ನೋಡಿದರು. ಕೂದಲೆಳೆಯಷ್ಟು ಪುಕ್ಕ ಇತ್ತು.

"ನಮ್ಮವ್ವನ ಕೋಳೀನೇ," ಎಂದರು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ನುಚ್ಚು ತರುವ ನೆಪದಲ್ಲಿ ಒಳಗೆ ಹೋದೆ.

ಒಂದೇ ಪಿಳ್ಳೆಗೆ ಸಿಕ್ಕ ಉಪಚಾರ ನನ್ನ ಮಕ್ಕಳಿಗೂ ಆಮೇಲೆ ಸಿಗಲಿಲ್ಲ. ಹದ್ದು ಕಂಡರೆ ಮಾವ ಕವಣೆ ಹಿಡಿದು ಓಡಿಬರುತ್ತಿದ್ದರು. ಅವರ ಪ್ರಾಯಶ್ಚಿತ್ತಕ್ಕೆ ಅದೊಂದೇ ದಾರಿ ಉಳಿದಿತ್ತು. ಕಾಂಪೌಂಡರ್ ಬಂದು ರೆಕ್ಕೆಯ ಚರ್ಮಕ್ಕೆ ಸೂಜಿ ಚುಚ್ಚಿ ರೋಗದ ಲಸಿಕೆ ಹಾಕಿದರು. ಮೂರು ತಿಂಗಳಾಗುತ್ತಲೇ ಜುಟ್ಟು ಕೆಂಪಾಗತೊಡಗಿತು, ಬಾಲದ ಗರಿ ಬಾಗತೊಡಗಿತು. ಎಲ್ಲರಿಗೂ ಕಾಣುತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಒಂದು ಬೆಳಿಗ್ಗೆ ಅದು ಬೇಲಿಯ ಕಲ್ಲು ಹತ್ತಿ, ಕತ್ತು ಚಾಚಿ, ಗಂಟಲಿಗೆ ಮುಳ್ಳು ಸಿಕ್ಕ ಹಾಗೆ ಒಂದು ಸ್ವರ ಹೊರಡಿಸಿತು.

ಹುಂಜ. ಇಡೀ ಹಿತ್ತಿಲಿಗೆ ಬೇಕಾಗಿದ್ದುದು ಹುಂಜ, ಬಂದದ್ದೂ ಹುಂಜ. ಆದರೆ ಮೊದಲನೆಯ ಹುಂಜ ಮಾರಮ್ಮನದು.

"ಇನ್ನೊಂದೆರಡು ತಿಂಗಳು ಬಿಟ್ಟರೆ ಕೋಳಿಗೂ ಇದಕ್ಕೂ ಜೊತೆಯಾಗುತ್ತೆ," ಎಂದು ಕಾಂಪೌಂಡರ್ ಹೇಳಿದ್ದರು. "ತಾಯಿ ಮಗ ಅಂತ ಯೋಚನೆ ಬೇಡ, ಒಂದು ತಲೆಮಾರಿಗೆ ನಡೆಯುತ್ತೆ. ಆಮೇಲೆ ಮಾತ್ರ ಹೊರಗಿನ ಹುಂಜ ತರಲೇಬೇಕು."

"ಕೋಳಿಗೆ ಗೋತ್ರ ಕೇಳ್ತಾರಾ?" ಎಂದಿದ್ದರು ಅತ್ತೆ.

ಆದರೆ ಎರಡು ತಿಂಗಳು ಬಿಡುವಂತಿರಲಿಲ್ಲ. ಮಾರಮ್ಮನ ಪೂಜಾರಪ್ಪ ನಮ್ಮ ಬೀದಿಯಲ್ಲೇ ಓಡಾಡುತ್ತಿದ್ದ ಮನುಷ್ಯ. ಅತ್ತೆಯ ಹರಕೆ ಎಂದೋ ಬೇಲಿ ದಾಟಿ ಅವನ ಕಿವಿಗೂ ಬಿದ್ದಿತ್ತು. ಹರಕೆಯ ಕೋಳಿಯಲ್ಲಿ ಒಂದು ತೊಡೆ ಅವನ ಪಾಲಿನದು. ಅವನಿಗೆ ಹುಂಜದ ಸ್ವರ ನಮಗಿಂತ ಮೊದಲು ಕೇಳಿಸಿತ್ತು.

"ಏನಕ್ಕಾ, ಅಮ್ಮನ ಉಂಜ ಕೂಗ್ತಲ್ಲ. ಕೂಗಿದ್ಮ್ಯಾಲೆ ತಡ ಮಾಡಬಾರ್ದು. ಮಂಗಳವಾರ ಬತ್ತೀರಾ?"

"ಬತ್ತೀವಪ್ಪ," ಎಂದರು ಅತ್ತೆ. ಮಾತು ಕೊಟ್ಟು ತಪ್ಪುವ ಹೆಂಗಸಲ್ಲ ಅವರು. ಅದರಲ್ಲೂ ಬೇಡಿಕೊಂಡ ಕೋಳಿಯನ್ನು ಉಳಿಸಿದ ದೇವಿಗೆ.

ಮಂಗಳವಾರದವರೆಗೆ ಅತ್ತೆ ಹುಂಜದ ಮಾತೆತ್ತಲಿಲ್ಲ. ಮಾವನಿಗೆ ಮುದ್ದೆ ಇಕ್ಕುವಾಗಿನ ಮಂತ್ರ ಮಾತ್ರ ಇನ್ನೂ ಗಟ್ಟಿಯಾಯಿತು. ಮಂಗಳವಾರ ಬೆಳಿಗ್ಗೆ ನನ್ನನ್ನು ಕರೆದರು.

"ಅಮ್ಮಿ, ಉಂಜದ ರೆಕ್ಕೆ ಕೆಳಗೆ ಏನಾದ್ರೂ ಏನು ಐತಾ ನೋಡು."

ನೋಡಿದೆ. ಅತ್ತೆಯ ಬಾಯಲ್ಲಿ ‘ಏನು’ ಎಂದರೆ ಹೇನು. ಒಂದೆರಡು ಇರಬಹುದು, ಇಲ್ಲದೆಯೂ ಇರಬಹುದು.

"ದೇವ್ರತ್ರ ಓಗೋದು ಏನು ಇಟ್ಕೊಂಡು ಓಯ್ತದಾ? ಬೇವಿನೆಣ್ಣೆ ತಗಂಬಾ."

ಹೇನಿಗೆ ಬೇವಿನೆಣ್ಣೆಯನ್ನು ನಾವು ಯಾವಾಗಲೂ ರೆಕ್ಕೆಯ ಬುಡಕ್ಕೆ ನಾಲ್ಕು ತೊಟ್ಟು ಹಚ್ಚುತ್ತಿದ್ದೆವು. ಅವತ್ತು ಅತ್ತೆ ಹುಂಜವನ್ನು ಮಡಿಲಲ್ಲಿ ಕೂರಿಸಿಕೊಂಡು, ಮದುಮಗನಿಗೆ ಅಭ್ಯಂಜನ ಮಾಡಿಸುವ ಗಾಂಭೀರ್ಯದಲ್ಲಿ, "ತಲೆಗೆ ಆಕು, ಕತ್ತಿಗೆ ಆಕು, ಬೆನ್ನಿಗೆ ತಿಕ್ಕು, ಇನ್ನೊಸಿ ಉಯ್ಯಿ," ಎನ್ನುತ್ತಾ ಹೋದರು. ನಾನು ತಿಕ್ಕುತ್ತಾ ಹೋದೆ. ಹುಂಜ ಕಣ್ಣು ಮುಚ್ಚಿ ತಿಕ್ಕಿಸಿಕೊಂಡಿತು. ಕೊನೆಗೆ ಅದು ಎಣ್ಣೆ ಕಂಡ ಹಿತ್ತಾಳೆಯ ಹಾಗೆ ಮಿರಮಿರ ಮಿಂಚಿತು. ಶೀಸೆಯಲ್ಲಿ ಎಷ್ಟು ಉಳಿಯಿತೆಂದು ನಾನು ನೋಡಲಿಲ್ಲ.

ಮಾರಮ್ಮನ ಗುಡಿ ಎಂದರೆ ಬೇವಿನ ಮರದ ಬುಡದಲ್ಲಿ ಮಂಡಿಯುದ್ದದ ಕಲ್ಲುಗೂಡು. ಮಾವ, ಅತ್ತೆ, ನಾನು, ಹುಂಜ ಹೋದೆವು. ಪೂಜಾರಪ್ಪ ಕತ್ತಿ ಮಸೆದಿಟ್ಟಿದ್ದ. ಅಕ್ಕಪಕ್ಕದ ಮನೆಯ ನಾಲ್ಕು ಜನ ಹೆಂಗಸರು ನಿಂತಿದ್ದರು. ಹರಕೆಯ ಕೋಳಿಗೆ ಅಲ್ಲೊಂದು ಕ್ರಮವಿತ್ತು. ದೇವಿಯ ಮುಂದೆ ನಿಲ್ಲಿಸಿ ತಲೆಗೆ ಬೆನ್ನಿಗೆ ತೀರ್ಥ ಹಾಕುತ್ತಾರೆ. ಕೋಳಿ ಮೈ ಕೊಡವಿದರೆ ಅಮ್ಮ ಒಪ್ಪಿದಳು ಎಂದರ್ಥ. ಕೊಡವದೆ ಇದ್ದರೆ ಒಪ್ಪಿಲ್ಲ, ಕೊಯ್ಯುವಂತಿಲ್ಲ. ನೀರು ಬಿದ್ದ ಕೋಳಿ ಮೈ ಕೊಡವದೆ ಇನ್ನೇನು ಮಾಡುತ್ತದೆ? ಅಮ್ಮ ಒಪ್ಪದೆ ಇದ್ದದ್ದನ್ನು ಆ ಊರು ಬಹುಕಾಲದಿಂದ ಕಂಡಿರಲಿಲ್ಲ.

ಪೂಜಾರಪ್ಪ ತೀರ್ಥ ಹಾಕಿದ. ನೀರು ಹುಂಜದ ನೆತ್ತಿಯ ಮೇಲೆ ಬಿತ್ತು, ಮುತ್ತಾಯಿತು, ಉರುಳಿ ನೆಲಕ್ಕೆ ಹೋಯಿತು. ಹುಂಜಕ್ಕೆ ವಿಷಯ ತಿಳಿಯಲೇ ಇಲ್ಲ.

ಮತ್ತೆ ಹಾಕಿದ. ಕೆಸುವಿನ ಎಲೆಯ ಮೇಲೆ ಹಾಕಿದ ಹಾಗಾಯಿತು. ಹುಂಜ ಒಂದು ಕಾಲೆತ್ತಿ, ಯೋಚಿಸಿ, ಇಳಿಸಿತು.

"ಏನಿದು, ಇಂಗೆ ಬಂಡೆ ಆಗ್ಬುಟ್ಟದೆ?" ಎಂದ ಪೂಜಾರಪ್ಪ. ಮೂರನೆಯ ಸಲ ಚೊಂಬಿನಲ್ಲಿದ್ದುದನ್ನೆಲ್ಲ ಸುರಿದ. ಎಲ್ಲವೂ ಬಾಲದ ಕಡೆಯಿಂದ ಇಳಿದು ಅವನ ಪಾದಕ್ಕೆ ಹೋಯಿತು. ಹುಂಜ ಮಾರಮ್ಮನನ್ನು ಒಂದು ಕಣ್ಣಿನಿಂದ, ಅವನನ್ನು ಇನ್ನೊಂದು ಕಣ್ಣಿನಿಂದ ನೋಡಿ, ನೆಲದಲ್ಲಿ ಬಿದ್ದಿದ್ದ ಅಕ್ಷತೆ ಕುಕ್ಕತೊಡಗಿತು.

ನನಗೆ ಆಗ ಬೆಳಕು ಹರಿಯಿತು. ಅತ್ತೆಯ ಕಡೆ ತಿರುಗಿದೆ. ಅವರು ಕೈಮುಗಿದು, ಕಣ್ಣು ಮುಚ್ಚಿ, ಪರಮ ಭಕ್ತಿಯಿಂದ ನಿಂತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು.

"ಅಮ್ಮ ಒಪ್ಲಿಲ್ಲ ಕಣಕ್ಕಾ," ಎಂದಳು ಪಕ್ಕದ ಮನೆಯಾಕೆ.

"ಬ್ಯಾಡ ಅಂದ್ರೆ ನಾನೇನು ಬಲವಂತ ಮಾಡ್ಲಾ?" ಎಂದರು ಅತ್ತೆ. "ನಂಗಾಗ್ಲಿ ಅಂತ ಬುಟ್ಟವ್ಳೆ, ಮಾತಾಯಿ." ತೆಂಗಿನಕಾಯಿ, ಬಳೆ, ಕುಪ್ಪಸದ ಕಣ ಎಲ್ಲ ಸಿದ್ಧವಾಗಿ ಚೀಲದಲ್ಲಿದ್ದವು. ತೆಗೆದು ಇಟ್ಟು, ನೆಲಕ್ಕೆ ಹಣೆ ಮುಟ್ಟಿಸಿ ಬಹಳ ಹೊತ್ತು ಹಾಗೇ ಇದ್ದರು. ಆ ನಮಸ್ಕಾರದಲ್ಲಿ ಕ್ಷಮೆ ಎಷ್ಟು, ಕೃತಜ್ಞತೆ ಎಷ್ಟು ಎಂದು ನಾನು ಇವತ್ತಿನವರೆಗೂ ಬೇರೆ ಮಾಡಲಾರೆ. ಪೂಜಾರಪ್ಪನಿಗೆ ತೊಡೆಯ ಬದಲು ತೆಂಗಿನಕಾಯಿಯ ಹೋಳು ಸಿಕ್ಕಿತು. ಅವನು ಮೂಗಿನ ಹತ್ತಿರ ಬೆರಳು ತಂದು ಮೂಸಿ, ಏನೋ ಹೇಳಲು ಹೋಗಿ, ಅತ್ತೆಯ ಮುಖ ನೋಡಿ, ಹೋಳನ್ನು ಹೆಗಲ ವಸ್ತ್ರಕ್ಕೆ ಕಟ್ಟಿಕೊಂಡ.

ಮನೆಗೆ ಬಂದು ಹುಂಜವನ್ನು ಹಿತ್ತಿಲಿಗೆ ಬಿಟ್ಟೆವು. ಚುಕ್ಕೆಕೋಳಿ ಬಂದು ಮೂಸಿ ದೂರ ಸರಿಯಿತು. ಬೇವಿನ ವಾಸನೆ.

ಊಟಕ್ಕೆ ಮುಂಚೆ ಮಾವ ಎಂದಿನಂತೆ ಮಂಡಿನೋವಿಗೆ ಹಚ್ಚಿಕೊಳ್ಳಲು ಗೋಡೆಯ ಗೂಡಿನಿಂದ ಬೇವಿನೆಣ್ಣೆಯ ಶೀಸೆ ತೆಗೆದರು. ಬಗ್ಗಿಸಿದರು. ಅಲ್ಲಾಡಿಸಿದರು. ಬೆಳಕಿಗೆ ಹಿಡಿದು, ಕಾಂಪೌಂಡರ್ ಮೊಟ್ಟೆ ನೋಡಿದ ಹಾಗೆ, ಒಂದು ಕಣ್ಣು ಮುಚ್ಚಿ ನೋಡಿದರು. ಒಳಗೆಲ್ಲ ತಿಳಿ ಬೆಳಕು. ಆಮೇಲೆ ಹಿತ್ತಿಲ ಬಾಗಿಲಿನಾಚೆ ಮಿಂಚುತ್ತಾ ಓಡಾಡುತ್ತಿದ್ದ ಹುಂಜವನ್ನು ನೋಡಿದರು. ಆಮೇಲೆ ಒಲೆಯ ಮುಂದೆ ಕೂತಿದ್ದ ಅತ್ತೆಯನ್ನು ನೋಡಿದರು. ಅತ್ತೆ ಮುದ್ದೆ ತೊಳಸುತ್ತಿದ್ದವರು ಕೋಲು ನಿಲ್ಲಿಸಿದರು. ನಾನು ತಟ್ಟೆ ಹಿಡಿದು ಮಧ್ಯೆ ನಿಂತಿದ್ದೆ.

ಮಾವ ಖಾಲಿ ಶೀಸೆಗೆ ಬಿರಡೆ ಹಾಕಿ, ಎಲ್ಲಿತ್ತೋ ಅಲ್ಲೇ ಇಟ್ಟು, ಮಣೆಯ ಮೇಲೆ ಬಂದು ಕೂತರು.

ಅತ್ತೆ ಮುದ್ದೆ ಕಟ್ಟಿ ಮುಗಿಸಿದರು. ಎಂದಿಗಿಂತ ಸ್ವಲ್ಪ ದೊಡ್ಡದೇ.

"ನಿಮ್ಮಾವನಿಗೆ ಮುದ್ದೆ ಇಕ್ಕಮ್ಮಿ," ಎಂದರು.